ಪಗ್ ತರುವ ಮುನ್ನ ಮೂಗು ನೋಡಿ

ಮನೆಗೊಂದು ಸಣ್ಣ ನಾಯಿ ಬೇಕು ಎಂದು ಹೊರಟವರ ಬಾಯಲ್ಲಿ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಬರುವ ಹೆಸರುಗಳು ಎರಡು: ಪಗ್ ಮತ್ತು ಪಮೇರಿಯನ್. ಎರಡಕ್ಕೂ ಹೆಸರು ತಂದುಕೊಟ್ಟದ್ದು ಪರದೆ. 1994ರಲ್ಲಿ ತೆರೆಕಂಡ 'ಹಮ್ ಆಪ್ಕೆ ಹೈ ಕೌನ್' ಹಿಂದಿ ಚಿತ್ರದಲ್ಲಿ ಕಥೆಯ ಗಂಟನ್ನೇ ಬಿಡಿಸುವ ಟಫಿ ಎಂಬ ಬಿಳಿ ನಾಯಿಯನ್ನು ನೋಡಿದವರು ಅಂಥದ್ದೇ ಬೇಕೆಂದರು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂತು. ಹುಡುಗನೊಬ್ಬ ಹೋದಲ್ಲೆಲ್ಲ ಹಿಂದೆಯೇ ಹೆಜ್ಜೆ ಹಾಕುವ ಪಗ್ ಅದರಲ್ಲಿತ್ತು. ಅದನ್ನು ಚಿತ್ರೀಕರಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ. 2007ರಲ್ಲಿ ಕಂಪನಿ ವೊಡಾಫೋನ್ ಆದ ಮೇಲೂ ನಾಯಿ ಉಳಿಯಿತು. ಹಚ್ ಎಂಬ ಹೆಸರೇ ಮಾಯವಾದರೂ 'ಹಚ್ ನಾಯಿ' ಎಂದರೆ ಇವತ್ತಿಗೂ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನು ನಾವು ಪಮೇರಿಯನ್ ಎಂದು ಕರೆಯುವ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್‌ಗಳ ಸಂತತಿ ಅದು. ವಿದೇಶಿ ಪ್ರದರ್ಶನಗಳಲ್ಲಿ ಕಾಣುವ ನಿಜವಾದ ಪಮೇರಿಯನ್ ಎರಡು ಮೂರು ಕೆ.ಜಿ. ತೂಗುವ ಪುಟಾಣಿ, ನಮ್ಮದು ಅದಕ್ಕಿಂತ ಸಾಕಷ್ಟು ದೊಡ್ಡದು, ಗಟ್ಟಿಮುಟ್ಟು, ಚೂಪು ಮೂತಿಯದು. ಈ ಲೇಖನದಲ್ಲಿ ಅದನ್ನು ಸ್ಪಿಟ್ಜ್ ಎಂದೇ ಕರೆಯುತ್ತೇನೆ. ಈಚೆಗೆ ಪೇಟೆಗೆ ಶಿಟ್ಜುವೂ ಬಂದಿದೆ. ಅದರ ಮುಖವೂ ಚಪ್ಪಟೆಯೇ ಆದ್ದರಿಂದ ಪಗ್ ಬಗ್ಗೆ ಹೇಳುವ ಮಾತಿನಲ್ಲಿ ಅರ್ಧದಷ್ಟಾದರೂ ಅದಕ್ಕೂ ಸಲ್ಲುತ್ತದೆ.

ಈ ಎರಡರಲ್ಲಿ ಒಂದನ್ನು ಆರಿಸುವಾಗ ಮನೆಮಂದಿ ಮಾತಾಡಿಕೊಳ್ಳುವುದು ಸ್ವಭಾವದ ಬಗ್ಗೆ. ಪಗ್ ಸಾಧು, ಮಕ್ಕಳು ಎಳೆದಾಡಿದರೂ ಸುಮ್ಮನಿರುತ್ತದೆ, ಬೊಗಳುವುದು ಕಡಿಮೆ. ಸ್ಪಿಟ್ಜ್ ಚುರುಕು, ಆದರೆ ಸಿಡುಕು. ಗೇಟಿನ ಬಳಿ ಎಲೆ ಅಲುಗಿದರೂ ಬೊಗಳುತ್ತದೆ. ಹೀಗೆ ತೂಗಿ ನೋಡಿದರೆ ಫ್ಲ್ಯಾಟಿನಲ್ಲಿ ಮಕ್ಕಳೊಂದಿಗೆ ಇರುವ ಕುಟುಂಬಕ್ಕೆ ಪಗ್ಗೇ ಸರಿ ಎನಿಸುತ್ತದೆ. ನನ್ನ ಅಭಿಪ್ರಾಯ ಬೇರೆ. ಸ್ಪಿಟ್ಜ್‌ನ ದೋಷಗಳು ನಡತೆಗೆ ಸಂಬಂಧಿಸಿದವು; ಮರಿಯಾಗಿದ್ದಾಗಿನಿಂದ ತಿದ್ದಿದರೆ ಬಹುಮಟ್ಟಿಗೆ ತಿದ್ದಬಹುದು. ಪಗ್‌ನ ದೋಷ ತಲೆಬುರುಡೆಯಲ್ಲಿದೆ. ಅದನ್ನು ಎಷ್ಟು ಪ್ರೀತಿಯಿಂದ ಸಾಕಿದರೂ ತಿದ್ದಲಾಗದು. ಸೆಕೆಯ ನಾಡಿನಲ್ಲಿ ಇದು ಇನ್ನಷ್ಟು ಮುಖ್ಯವಾಗುತ್ತದೆ. ಆದ್ದರಿಂದ ಮೊದಲು ಉಸಿರನ್ನು ನೋಡಬೇಕು, ಸ್ವಭಾವ ಆಮೇಲೆ. ಆ ಕ್ರಮದಲ್ಲಿ ನೋಡಿದರೆ ಕರ್ನಾಟಕದ ಹೆಚ್ಚಿನ ಮನೆಗಳಿಗೆ ಸ್ಪಿಟ್ಜ್ ಹೊಂದುತ್ತದೆ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವುದು ಗೊತ್ತಿಲ್ಲ. ಅದರ ಬೆವರುಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ, ಅವುಗಳಿಂದ ಇಡೀ ದೇಹ ತಣಿಯುವುದಿಲ್ಲ. ಅದು ತಣಿಯುವುದು ತೇಕುವುದರಿಂದ. ನಾಲಿಗೆ ಚಾಚಿ ವೇಗವಾಗಿ ಉಸಿರಾಡಿದಾಗ ಮೂಗಿನ ಒಳಪೊರೆ, ಬಾಯಿ ಮತ್ತು ನಾಲಿಗೆಯ ತೇವ ಆವಿಯಾಗಿ ಅಲ್ಲಿ ಹರಿಯುವ ರಕ್ತವನ್ನು ತಂಪು ಮಾಡುತ್ತದೆ. ಉದ್ದ ಮೂತಿಯ ನಾಯಿಯ ಮೂಗಿನೊಳಗೆ ಸುರುಳಿ ಸುತ್ತಿದ ತೆಳುಮೂಳೆಗಳ ಮೇಲೆ ಹಾಸಿರುವ ಈ ತೇವದ ಪೊರೆ ಬಹಳ ವಿಸ್ತಾರವಾದದ್ದು. ಆರೋಗ್ಯವಂತ ನಾಯಿಯ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ; 41 ದಾಟಿತೆಂದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಅಪಾಯ. ನಡುವೆ ಇರುವುದು ಎರಡೇ ಡಿಗ್ರಿಯ ಅಂತರ. ಅಷ್ಟರೊಳಗೆ ದೇಹವನ್ನು ಹಿಡಿದಿಡುವ ಕೆಲಸವೆಲ್ಲ ಮೂಗು, ಬಾಯಿ, ಗಂಟಲಿನದು.

ಪಗ್‌ನಲ್ಲಿ ಕುಗ್ಗಿರುವುದು ಆ ಭಾಗವೇ. ತಳಿಗಾರರು ತಲೆಮಾರುಗಳಿಂದ ಮುಖ ಗಿಡ್ಡವಾಗಿರುವ ನಾಯಿಗಳನ್ನೇ ಆರಿಸುತ್ತ ಬಂದದ್ದರಿಂದ ಮುಖದ ಮೂಳೆ ಚಿಕ್ಕದಾಯಿತು, ಒಳಗಿನ ಮಾಂಸಲ ಭಾಗ ಅದೇ ಪ್ರಮಾಣದಲ್ಲಿ ಚಿಕ್ಕದಾಗಲಿಲ್ಲ. ದೊಡ್ಡ ಹಾಸಿಗೆಯನ್ನು ಸಣ್ಣ ಟ್ರಂಕಿಗೆ ತುರುಕಿದಂತಾಗಿದೆ ಅದರ ಗಂಟಲು. ಮೃದು ಅಂಗುಳ ಉದ್ದವಾಗಿ ಶ್ವಾಸನಾಳದ ಬಾಯಿಗೆ ಅಡ್ಡ ಬರುತ್ತದೆ, ಮೂಗಿನ ಹೊಳ್ಳೆಗಳು ಗೀರಿನಷ್ಟೇ ತೆರೆದಿರುತ್ತವೆ, ನಾಲಿಗೆ ಬಾಯಿಗಿಂತ ದಪ್ಪ. ಬಲವಾಗಿ ಉಸಿರೆಳೆದಷ್ಟೂ ಒಳಗಿನ ಅಂಗಾಂಶ ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಎಂದರೆ ಸೆಕೆಗೆ ತೇಕಬೇಕು, ತೇಕಿದಷ್ಟೂ ತೇಕುವುದು ಕಷ್ಟ, ತೇಕುವ ಶ್ರಮದಿಂದಲೇ ಮೈ ಮತ್ತಷ್ಟು ಬಿಸಿ. ಇದು ಪಗ್ ಹುಟ್ಟಿದಂದಿನಿಂದ ಹೀಗೇ ಇತ್ತು ಎನ್ನುವಂತಿಲ್ಲ. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ಭಾವಚಿತ್ರದ ಜೊತೆಗೆ ತನ್ನ ಪಗ್ 'ಟ್ರಂಪ್'ನನ್ನೂ ಬಿಡಿಸಿದ್ದಾನೆ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಆ ಚಿತ್ರದ ನಾಯಿಗೆ ಎದ್ದು ಕಾಣುವ ಮೂತಿಯಿದೆ, ಕಾಲುಗಳೂ ಉದ್ದ. ಈಗಿನ ಚಪ್ಪಟೆ ಮುಖವನ್ನು ಮಾಡಿದ್ದು ಆಮೇಲಿನ ಪ್ರದರ್ಶನಗಳ ಅಭಿರುಚಿ.

ಇದು ಊಹೆಯ ಮಾತಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಬ್ರಿಟನ್ನಿನ ಸಾಮಾನ್ಯ ಪಶುಚಿಕಿತ್ಸಾಲಯಗಳ ದಾಖಲೆಗಳನ್ನು ಒಟ್ಟುಗೂಡಿಸಿ ಪಗ್‌ಗಳನ್ನೂ ಉಳಿದ ನಾಯಿಗಳನ್ನೂ ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ವರ್ಷವೊಂದರಲ್ಲಿ ಯಾವುದಾದರೊಂದು ಕಾಯಿಲೆ ದಾಖಲಾಗುವ ಸಂಭವ ಪಗ್‌ಗೆ ಉಳಿದವುಗಳಿಗಿಂತ ಸುಮಾರು 1.9 ಪಟ್ಟು. ಚಪ್ಪಟೆ ಮುಖದಿಂದ ಬರುವ ಉಸಿರಾಟದ ತೊಂದರೆಯನ್ನಷ್ಟೇ ತೆಗೆದುಕೊಂಡರೆ ಸುಮಾರು 54 ಪಟ್ಟು. ಚರ್ಮದ ಮಡಿಕೆಗಳ ಸೋಂಕು, ಕಣ್ಣಿನ ಹುಣ್ಣು, ಬೊಜ್ಜು ಕೂಡ ಹೆಚ್ಚು. ಆರೋಗ್ಯದ ದೃಷ್ಟಿಯಿಂದ ಪಗ್ಗನ್ನು ಇನ್ನು ಸಾಮಾನ್ಯ ನಾಯಿ ಎಂದು ಪರಿಗಣಿಸಲಾಗದು ಎಂಬಲ್ಲಿಗೆ ಸಂಶೋಧಕರು ಮುಟ್ಟಿದರು. ನ್ಯಾಯವಾಗಿ ಹೇಳುವುದಾದರೆ, ಅದೇ ಅಧ್ಯಯನದಲ್ಲಿ ಪಗ್ ಪರವಾದ ಅಂಶಗಳೂ ಇವೆ: ಆಕ್ರಮಣಶೀಲತೆ, ಗಾಯ, ಎದೆಬಡಿತದ ಅಸಹಜ ಸದ್ದು ಅವುಗಳಲ್ಲಿ ಕಡಿಮೆ. ಪಗ್ ಸಾಧು ಎಂಬ ಜನರ ಮಾತು ಸುಳ್ಳಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ತಕ್ಕಡಿ ಯಾವ ಕಡೆ ಬಾಗುತ್ತದೆ ಎಂಬುದು ಸ್ಪಷ್ಟ.

ಬ್ರಿಟನ್ನಿನ ಅಂಕಿಗಳು ನಮಗೇಕೆ ಎಂದು ಕೇಳಬಹುದು. ಅಲ್ಲಿಯ ತಳಿಸಾಲು ಬೇರೆ, ಸಾಕುವ ರೀತಿ ಬೇರೆ, ನಿಜ. ಆದರೆ ತಲೆಬುರುಡೆಯ ಆಕಾರ ದೇಶ ಬದಲಾದರೆ ಬದಲಾಗುವುದಿಲ್ಲ, ಬದಲಾಗುವುದು ಹವೆ. ಅದು ನಮ್ಮಲ್ಲಿ ಪಗ್‌ಗೆ ಇನ್ನೂ ಪ್ರತಿಕೂಲ. ತಂಪು ದೇಶವಾದ ಬ್ರಿಟನ್ನಿನಲ್ಲೇ 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬಿಸಿಯಿಂದ ಅಸ್ವಸ್ಥವಾದ ನಾಯಿಗಳನ್ನು ತಳಿವಾರು ನೋಡಿತು. ಲ್ಯಾಬ್ರಡಾರ್‌ಗೆ ಹೋಲಿಸಿದರೆ ಪಗ್‌ಗೆ ಆ ಅಪಾಯ ಮೂರು ಪಟ್ಟಿಗೂ ಹೆಚ್ಚು ಕಂಡಿತು. ಬೆಂಗಳೂರು ತಂಪಿನ ಊರು ಎಂಬ ನೆಮ್ಮದಿಯೂ ಹಳೆಯದಾಯಿತು: 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಗಿದೆ. ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಿಗೆಯ ಬಗ್ಗೆ ಹೇಳುವುದೇ ಬೇಡ. ಕರಾವಳಿಯದು ಬೇರೆ ಬಗೆಯ ಕಷ್ಟ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಉಷ್ಣಾಂಶ ಅಷ್ಟು ಏರದಿದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ತೇವದ ಗಾಳಿಯಲ್ಲಿ ಆವಿಯಾಗುವುದು ನಿಧಾನ. ತೇಕಿದರೂ ತಣಿಯದ ಸ್ಥಿತಿ. ಮಡಿಕೇರಿ, ಚಿಕ್ಕಮಗಳೂರಿನ ಬೆಟ್ಟದ ಸಾಲಿನವರು ಸ್ವಲ್ಪ ನಿರಾಳವಾಗಿರಬಹುದು, ಅಷ್ಟೇ.

ಎ.ಸಿ. ಇದೆಯಲ್ಲ ಎಂಬುದು ಮುಂದಿನ ಆಕ್ಷೇಪ. ಎ.ಸಿ. ಇರುವ ಕೋಣೆಯಲ್ಲಿ ಪಗ್ ಆರಾಮವಾಗಿರುತ್ತದೆ, ಒಪ್ಪೋಣ. ಆದರೆ ನಾಯಿ ದಿನಕ್ಕೆ ಎರಡು ಸಲವಾದರೂ ಹೊರಗೆ ಹೋಗಲೇಬೇಕು, ಕರೆಂಟು ಹೋಗುತ್ತದೆ, ಹಬ್ಬಕ್ಕೆ ಊರಿಗೆ ಹೊರಟರೆ ಕಾರಿನಲ್ಲಿ ಕೂರಿಸಬೇಕು, ನಡುವೆ ಊಟಕ್ಕೆ ನಿಲ್ಲಬೇಕು. ಚಪ್ಪಟೆ ಮುಖದ ನಾಯಿಗಳನ್ನು ಸರಕಿನ ಭಾಗದಲ್ಲಿ ಸಾಗಿಸಲು ಅನೇಕ ವಿಮಾನ ಕಂಪನಿಗಳು ಒಪ್ಪುವುದೇ ಇಲ್ಲ. ಪ್ರಯಾಣದ ನಡುವೆ ಉಸಿರುಕಟ್ಟಿ ಸತ್ತರೆ ಎಂಬ ಭಯ ಅವರಿಗೆ. ಹೊರಗಿನ ಹವೆಗೆ ಹೆದರಿ ಓಡಾಟ ಕಡಿಮೆ ಮಾಡಿದರೆ ಪಗ್ ಬೇಗ ದಪ್ಪವಾಗುತ್ತದೆ, ಕತ್ತಿನ ಕೊಬ್ಬು ಉಸಿರಿನ ದಾರಿಯನ್ನು ಇನ್ನೂ ಒತ್ತುತ್ತದೆ. ಶಸ್ತ್ರಚಿಕಿತ್ಸೆಯೂ ಇದೆ: ಹೊಳ್ಳೆ ಅಗಲಿಸಿ ಅಂಗುಳದ ತುದಿ ಕತ್ತರಿಸಿದರೆ ಬಹಳ ನಾಯಿಗಳಿಗೆ ಸುಖವಾಗುತ್ತದೆ. ಆದರೂ ಅವು ಉದ್ದ ಮೂತಿಯ ನಾಯಿಯಂತೆ ಉಸಿರಾಡಲಾರವು. ಉಸಿರಾಡಲಿಕ್ಕೆಂದೇ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಪ್ರಾಣಿಯನ್ನು ಗೊತ್ತಿದ್ದೂ ಆರಿಸಬೇಕೆ ಎಂಬ ಪ್ರಶ್ನೆ ಇಲ್ಲಿ ತಪ್ಪಿಸಿಕೊಳ್ಳುವಂಥದ್ದಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಪಗ್ ಸಾಕಿದವರದು: ನಮ್ಮದಕ್ಕೆ ಏನೂ ಆಗಿಲ್ಲ, ಸ್ವಲ್ಪ ಗೊರಕೆ ಹೊಡೆಯುತ್ತದೆ ಅಷ್ಟೆ. ಅವರ ಪ್ರೀತಿಯನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ಅನುಮಾನಿಸಬೇಕಿಲ್ಲ. ಆದರೆ 2012ರಲ್ಲಿ ಅದೇ ರಾಯಲ್ ವೆಟರ್ನರಿ ಕಾಲೇಜಿನವರು ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ನೇರ ಉತ್ತರ ಕೊಡುತ್ತದೆ. ನಾಯಿಗೆ ಉಸಿರಾಟದ ತೊಂದರೆಯ ಲಕ್ಷಣಗಳಿವೆ ಎಂದು ಸ್ವತಃ ಮಾಲೀಕರೇ ಬರೆದುಕೊಟ್ಟ ಪ್ರಕರಣಗಳಲ್ಲೂ ಶೇ. 58ರಷ್ಟು ಮಂದಿ ತಮ್ಮ ನಾಯಿಗೆ ಉಸಿರಾಟದ ಸಮಸ್ಯೆ ಇಲ್ಲ ಎಂದೇ ಹೇಳಿದ್ದರು. ಗೊರಕೆ, ಗುರುಗುಟ್ಟುವ ಸದ್ದು, ನಡೆದ ಮೇಲೆ ಕುಸಿದು ಮಲಗುವುದು, ಕೂತಲ್ಲೇ ತೂಕಡಿಸುವುದು, ಉಂಡದ್ದು ಹೊರಬರುವುದು ಎಲ್ಲವೂ 'ಪಗ್ ಇರೋದೇ ಹಾಗೆ' ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ. ಮೊಬೈಲಿನಲ್ಲಿ ಓಡಾಡುವ ತಮಾಷೆ ವಿಡಿಯೋಗಳಲ್ಲಿ ಕೂತಲ್ಲೇ ಕಣ್ಣು ಮುಚ್ಚಿ ತೂಗುವ ಪಗ್ ನಗು ತರಿಸುತ್ತದೆ. ಮಲಗಿದರೆ ಗಂಟಲು ಮುಚ್ಚಿಕೊಳ್ಳುವ ಕಾರಣಕ್ಕೆ ಕೂತು ನಿದ್ದೆ ಮಾಡುವ ನಾಯಿಗಳೂ ಇವೆ ಎಂದು ಗೊತ್ತಾದರೆ ಆ ನಗು ಅಷ್ಟು ಸುಲಭವಾಗಿ ಬರಲಾರದು.

ಈಗ ಸ್ಪಿಟ್ಜ್ ಕಡೆ ತಿರುಗೋಣ. ಅದರ ಮೇಲಿನ ದೂರುಗಳು ಕಡಿಮೆಯೇನಲ್ಲ, ಮೊದಲನೆಯದು ಬೊಗಳುವಿಕೆ. ಸ್ಪಿಟ್ಜ್ ವಂಶದ ನಾಯಿಗಳು ಹೊರಗಿನವರನ್ನು ಕೂಗಿ ತಿಳಿಸುವುದಕ್ಕೇ ಸಾಕಿಸಿಕೊಂಡು ಬಂದವು. ಒಂಟಿ ಮನೆಯಲ್ಲಿ, ಹಗಲು ಹೊತ್ತು ಅಜ್ಜ ಅಜ್ಜಿ ಇಬ್ಬರೇ ಇರುವಲ್ಲಿ ಇದು ಗುಣ. ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟಿನಲ್ಲಿ ಜಗಳದ ಮೂಲ. ನಾಯಿ ಸಾಕುವುದನ್ನು ನಿವಾಸಿಗಳ ಸಂಘ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಮಾರ್ಗಸೂಚಿ ಕೈಯಲ್ಲಿ ಹಿಡಿದು ಪಕ್ಕದ ಮನೆಯವರೊಡನೆ ಬಾಳಲಾಗುವುದಿಲ್ಲ. ಕೆಲಸ ಆಗುವುದು ಅಭ್ಯಾಸದಿಂದ. ಎರಡು ಮೂರು ತಿಂಗಳ ಮರಿಯಿದ್ದಾಗಲೇ ಕಾಲಿಂಗ್ ಬೆಲ್, ಲಿಫ್ಟಿನ ಸದ್ದು, ಹಾಲಿನವರು, ಪೇಪರ್ ಹುಡುಗ, ಕುಕ್ಕರಿನ ಸೀಟಿ ಎಲ್ಲವನ್ನೂ ರೂಢಿ ಮಾಡಿಸಬೇಕು. ಸುಮ್ಮನಿದ್ದಾಗ ತಿಂಡಿ ಕೊಡಬೇಕು, ಬೊಗಳಿದಾಗ ಗದರಿಸಿ ಗಲಾಟೆ ಹೆಚ್ಚಿಸಬಾರದು. ಬಾಲ್ಕನಿಯಲ್ಲಿ ಕಟ್ಟಿಹಾಕಿ ದಿನವಿಡೀ ರಸ್ತೆ ನೋಡಲು ಬಿಟ್ಟ ಸ್ಪಿಟ್ಜ್ ಬೊಗಳದೆ ಇನ್ನೇನು ಮಾಡೀತು? ದಿನಕ್ಕೆ ಎರಡು ಸಲ ಚೆನ್ನಾಗಿ ನಡೆದು ಬಂದ ನಾಯಿ ಮಧ್ಯಾಹ್ನ ಮಲಗುತ್ತದೆ. ಎಷ್ಟು ಕಲಿಸಿದರೂ ಅದು ಪಗ್‌ನಷ್ಟು ಮೌನಿಯಾಗುವುದಿಲ್ಲ, ಅದನ್ನು ಒಪ್ಪಿಕೊಂಡೇ ತರಬೇಕು. ಮನೆಯವರೆಲ್ಲ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವುದಾದರೆ ಎರಡರಲ್ಲಿ ಯಾವುದೂ ಬೇಡ.

ಎರಡನೆಯ ದೂರು ಮಕ್ಕಳದು. ಬಾಲ ಎಳೆದರೆ, ಉಣ್ಣುವಾಗ ತಟ್ಟೆಗೆ ಕೈ ಹಾಕಿದರೆ, ಮಲಗಿದ್ದಾಗ ಮೇಲೆ ಬಿದ್ದರೆ ಸ್ಪಿಟ್ಜ್ ಹಲ್ಲು ತೋರಿಸುತ್ತದೆ, ಕೆಲವು ಕಚ್ಚುತ್ತವೆ. ರೇಬೀಸ್ ಇರುವ ನಾಡಿನಲ್ಲಿ ಸಣ್ಣ ಗೀರನ್ನೂ ಹಗುರವಾಗಿ ಕಾಣುವಂತಿಲ್ಲ. ಮೂರು ತಿಂಗಳಿಗೆ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ ಯಾವ ತಳಿಗೂ ತಪ್ಪಿದ್ದಲ್ಲ. ಇಲ್ಲಿ ಪಗ್ ಮೇಲು ಎಂಬುದರಲ್ಲಿ ವಾದವಿಲ್ಲ. ಆದರೆ ಈ ಮೇಲ್ಮೆಯನ್ನು ಸ್ವಲ್ಪ ಬಗೆದು ನೋಡಬೇಕು. ಎಳೆದಾಡಿದರೂ ಸಹಿಸುವ ನಾಯಿಯೊಂದಿಗೆ ಬೆಳೆದ ಮಗು ನಾಯಿಯನ್ನು ಎಳೆದಾಡಬಹುದು ಎಂದೇ ಕಲಿಯುತ್ತದೆ, ಆ ಪಾಠವನ್ನು ಬೀದಿಯ ನಾಯಿಯ ಮೇಲೂ ಪ್ರಯೋಗಿಸುತ್ತದೆ. ಪಗ್‌ನ ಉಬ್ಬಿದ ಕಣ್ಣುಗಳಿಗೆ ಮಕ್ಕಳ ಬೆರಳು, ಆಟಿಕೆಯ ಮೂಲೆ ತಾಗುವ ಭಯವೂ ಇದೆ. ಅದು ಸಹಿಸಿಕೊಂಡಿತು ಎಂದರೆ ಅದಕ್ಕೆ ನೋವಾಗಲಿಲ್ಲ ಎಂದಲ್ಲ. ಐದು ವರ್ಷದೊಳಗಿನ ಮಗುವನ್ನು ಯಾವ ನಾಯಿಯೊಂದಿಗೂ ಒಂಟಿಯಾಗಿ ಬಿಡಬಾರದು ಎಂಬ ನಿಯಮ ಪಾಲಿಸುವ ಮನೆಯಲ್ಲಿ ಎರಡು ತಳಿಗಳ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಅಂಬೆಗಾಲಿಡುವ ಮಗು ಇದ್ದರೆ ಮಗು ಶಾಲೆಗೆ ಹೋಗುವವರೆಗೆ ಕಾಯುವುದು ವಾಸಿ.

ಕೂದಲಿನ ವಿಚಾರದಲ್ಲಿ ಪಗ್‌ಗೆ ಅನಗತ್ಯವಾಗಿ ಒಳ್ಳೆಯ ಹೆಸರಿದೆ. ಗಿಡ್ಡ ಕೂದಲಿನ ನಾಯಿ ಉದುರಿಸುವುದಿಲ್ಲ ಎಂದುಕೊಳ್ಳುತ್ತಾರೆ. ಪಗ್ ವರ್ಷವಿಡೀ ಉದುರಿಸುತ್ತದೆ, ಆ ಚೂಪು ಕೂದಲು ಸೋಫಾದಲ್ಲಿ ಸಿಕ್ಕಿಕೊಂಡರೆ ಕೀಳುವುದು ಕಷ್ಟ. ಸ್ಪಿಟ್ಜ್‌ನದು ಕಣ್ಣಿಗೆ ಕಾಣುವ ಉದ್ದ ಕೂದಲು, ಋತು ಬದಲಾದಾಗ ಮನೆತುಂಬ. ವಾರಕ್ಕೆ ಎರಡು ಮೂರು ಸಲ ಬಾಚಲೇಬೇಕು, ಬಾಚುವಾಗಲೇ ಉಣ್ಣಿ ಹುಡುಕಬೇಕು, ಏಕೆಂದರೆ ದಟ್ಟ ಕೂದಲಿನಡಿ ಉಣ್ಣಿ ಕಣ್ಣಿಗೆ ಬೀಳುವುದಿಲ್ಲ, ಉಣ್ಣಿಯಿಂದ ಬರುವ ಜ್ವರ ನಮ್ಮಲ್ಲಿ ನಾಯಿಗಳನ್ನು ಕೊಲ್ಲುತ್ತದೆ. ಇಷ್ಟು ಕೂದಲು ಹೊತ್ತ ನಾಯಿಗೆ ಸೆಕೆಯಾಗದೇ ಎಂಬ ಪ್ರಶ್ನೆ ಸರಿಯಾದದ್ದೇ. ಮೇಲೆ ಹೇಳಿದ 2020ರ ಅಧ್ಯಯನದಲ್ಲಿ ಅಪಾಯದ ಪಟ್ಟಿಯ ತುದಿಯಲ್ಲಿದ್ದದ್ದು ಚೌ ಚೌ; ಅದು ದಟ್ಟ ಕೂದಲಿನದೂ ಹೌದು, ಗಿಡ್ಡ ಮುಖದ್ದೂ ಹೌದು. ಸ್ಪಿಟ್ಜ್‌ಗೆ ಆ ಎರಡನೆಯ ಹೊರೆ ಇಲ್ಲ. ಹಾಗೆಂದು ಅದು ಬಿಸಿಲಿನ ನಾಯಿಯೇನಲ್ಲ: ಮಧ್ಯಾಹ್ನ ಹೊರಗೆ ಒಯ್ಯಬಾರದು, ಮಲಗಲು ತಣ್ಣನೆಯ ಕಡಪ ಕಲ್ಲಿನ ನೆಲ ಬೇಕು, ಸದಾ ನೀರಿರಬೇಕು. ಬೇಸಿಗೆ ಬಂತೆಂದು ಕೂದಲನ್ನು ಚರ್ಮದವರೆಗೆ ಬೋಳಿಸುವುದು ತಪ್ಪು. ಬಿಸಿಲು ನೇರವಾಗಿ ಚರ್ಮಕ್ಕೆ ತಾಗುತ್ತದೆ, ಕೂದಲು ಮೊದಲಿನಂತೆ ಬೆಳೆಯದೆಯೂ ಇರಬಹುದು. ಕಾಯಿಲೆಗಳಲ್ಲಿ ಹಲ್ಲು ಕೊಳೆಯುವುದು, ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಸಿದು ಒಣಕೆಮ್ಮು ಬರುವುದು ಈ ಬಗೆಯ ಸಣ್ಣ ನಾಯಿಗಳಲ್ಲಿ ಕಾಣುವಂಥವು. ಆದ್ದರಿಂದ ಕತ್ತಿನ ಬೆಲ್ಟ್ ಹಿಡಿದೆಳೆಯದೆ ಎದೆಗೆ ಹಾಕುವ ಹಾರ್ನೆಸ್ ಬಳಸುವುದು ಲೇಸು.

ತಳಿಯ ನಾಯಿಯೇ ಏಕೆ, ಬೀದಿಯ ಮರಿಯೊಂದನ್ನು ತರಬಾರದೆ ಎಂದು ಕೇಳುವವರ ಬಳಿ ಒಳ್ಳೆಯ ವಾದವಿದೆ. ನಮ್ಮ ಹವೆಗೆ ಅದಕ್ಕಿಂತ ಒಗ್ಗಿದ ನಾಯಿ ಇಲ್ಲ, ಜಾಗವಿದ್ದವರು ಅದನ್ನೇ ಮೊದಲು ಯೋಚಿಸಲಿ. ಚಿಕ್ಕ ಗಾತ್ರವೇ ಆಗಬೇಕು, ದೊಡ್ಡದಾದ ಮೇಲೆ ಎಷ್ಟಾಗುತ್ತದೆ ಎಂದು ಮೊದಲೇ ತಿಳಿದಿರಬೇಕು ಎನ್ನುವವರಿಗಷ್ಟೇ ಈ ಹೋಲಿಕೆ. ಈಗಾಗಲೇ ಮನೆಯಲ್ಲಿ ಪಗ್ ಇರುವವರು ಇದನ್ನೋದಿ ಕಂಗಾಲಾಗಬೇಕಿಲ್ಲ. ತೂಕ ಇಳಿಸಿ, ಹೊತ್ತು ಏರುವ ಮೊದಲು ನಡೆಸಿ, ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಿ, ಹೊಳ್ಳೆಯನ್ನೊಮ್ಮೆ ಪಶುವೈದ್ಯರಿಗೆ ತೋರಿಸಿದರೆ ಅದರ ದಿನಗಳು ಎಷ್ಟೋ ಸುಗಮವಾಗುತ್ತವೆ. ಯಾರೋ ಸಾಕಲಾರದೆ ಬಿಟ್ಟ ಪಗ್ಗನ್ನು ಮನೆಗೆ ತರುವವರ ಲೆಕ್ಕವೂ ಬೇರೆ. ಅಲ್ಲಿ ಹುಟ್ಟಿ ಆಗಿರುವ ಜೀವಕ್ಕೆ ಆಸರೆ ಸಿಗುತ್ತದೆ, ಹೊಸ ಮರಿಗೆ ಬೇಡಿಕೆ ಹುಟ್ಟುವುದಿಲ್ಲ. ನನ್ನ ಆಕ್ಷೇಪವಿರುವುದು ದುಡ್ಡು ಕೊಟ್ಟು ಹೊಸ ಮರಿ ತರುವುದಕ್ಕೆ, ಏಕೆಂದರೆ ಮುಂದಿನ ಚಪ್ಪಟೆ ಮುಖವನ್ನು ಹುಟ್ಟಿಸುವುದು ಆ ದುಡ್ಡೇ. ನೆದರ್‌ಲೆಂಡ್ಸ್ ಸರ್ಕಾರ 2019ರಲ್ಲಿ ಮೂತಿಯ ಉದ್ದ ತಲೆಬುರುಡೆಯ ಮೂರನೇ ಒಂದರಷ್ಟಾದರೂ ಇರದ ನಾಯಿಗಳಿಂದ ಮರಿ ಮಾಡಿಸುವುದಕ್ಕೆ ತಡೆಯೊಡ್ಡುವ ಮಾನದಂಡ ತಂದದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಅಂಥದ್ದಿಲ್ಲ, ಹಾಗಾಗಿ ಕೊಳ್ಳುವವರೇ ಆ ಕೆಲಸ ಮಾಡಬೇಕು.

ಕೊಳ್ಳುವ ಹೊತ್ತಿನಲ್ಲಿ ನಮ್ಮ ಕೈಯಲ್ಲಿರುವುದು 2017ರ ನಾಯಿ ತಳಿವರ್ಧನೆ ಮತ್ತು ಮಾರಾಟ ನಿಯಮಗಳು. ಅವುಗಳ ಪ್ರಕಾರ ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಒಂದು ಹೆಣ್ಣುನಾಯಿಯಿಂದ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಮಾಡಿಸುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ. ಸ್ಪಿಟ್ಜ್ ಆಗಲಿ, ಇಷ್ಟೆಲ್ಲ ಕೇಳಿದ ಮೇಲೂ ಪಗ್ಗೇ ಬೇಕೆಂದು ಮನೆಮಂದಿ ಹಟ ಹಿಡಿದಿರಲಿ, ಮರಿಯನ್ನು ಎತ್ತಿಕೊಳ್ಳುವ ಮೊದಲು ತಾಯಿಯನ್ನು ನೋಡಿ. ಸ್ಪಿಟ್ಜ್ ತಾಯಿ ಅಪರಿಚಿತರನ್ನು ಕಂಡು ಬೊಗಳಿ ಆಮೇಲೆ ಹತ್ತಿರ ಬಂದು ಮೂಸಿದರೆ ಒಳ್ಳೆಯದು. ಮಂಚದಡಿ ಸೇರಿ ಗುರ್ರೆನ್ನುತ್ತಲೇ ಇದ್ದರೆ ಮರಿಗಳಿಗೂ ಆ ಪುಕ್ಕಲುತನ ಬಂದಿರಬಹುದು. ಪಗ್ ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯದವರು ರೂಪಿಸಿದ, ಬ್ರಿಟನ್ನಿನ ಕೆನಲ್ ಕ್ಲಬ್ 2019ರಿಂದ ಬಳಸುತ್ತಿರುವ ಪರೀಕ್ಷೆಯ ಸಾರವನ್ನು ಅನುಸರಿಸಬಹುದು: ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಉಸಿರಿನ ಸದ್ದು ಆಲಿಸುವುದು. ವೈದ್ಯರು ಸ್ಟೆತಸ್ಕೋಪಿನಲ್ಲಿ ಕೇಳುವಷ್ಟು ನಮಗೆ ಕೇಳದು. ಆದರೆ ಮೂರು ನಿಮಿಷದ ನಡಿಗೆಗೇ ತಾಯಿ ಗೊರಗುಟ್ಟಿ ನೆಲಕ್ಕೆ ಒರಗಿದರೆ, ಹೊಳ್ಳೆಗಳು ಗೀರಿನಂತೆ ಮುಚ್ಚಿಕೊಂಡಿದ್ದರೆ ಅಲ್ಲಿಂದ ಮರಿ ತರಬಾರದು. ತಾಯಿಯನ್ನು ತೋರಿಸಲು, ನಡೆಸಲು ಮಾರುವವರು ಒಪ್ಪದಿದ್ದರೂ ಅಷ್ಟೇ.